ಕುದ್ಮುಲ್ ರಂಗರಾಯರು: ಕಾಸರಗೋಡಿನಿಂದ ಹೊರಟ ಅಕ್ಷರದ ದಾರಿ

ಕಾಸರಗೋಡು ಇಂದು ಕೇರಳದ ಒಂದು ಜಿಲ್ಲೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಅದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಓದಿಗಾಗಲಿ, ನ್ಯಾಯಾಲಯದ ಕೆಲಸಕ್ಕಾಗಲಿ ಇಲ್ಲಿನ ಜನ ಮಂಗಳೂರಿಗೇ ಹೋಗುತ್ತಿದ್ದರು. ಹಾಗೆ ಹೋದ ಕಾಸರಗೋಡಿನ ಒಬ್ಬ ತರುಣ ಅಲ್ಲಿ ಕೈಗೊಂಡ ಕಾರ್ಯವು ಅವನ ಮನೆತನದ ಹಣೆಬರಹವನ್ನಷ್ಟೇ ಅಲ್ಲ, ಶಾಲೆಯ ಹೊಸ್ತಿಲನ್ನೇ ಕಾಣದಿದ್ದ ಅನೇಕ ಮನೆಗಳ ಹಣೆಬರಹವನ್ನೂ ಬದಲಿಸಿತು. ಅವರೇ ಕುದ್ಮುಲ್ ರಂಗರಾಯರು.

1859ರ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ರಂಗರಾಯರು ಜನಿಸಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಜೀವನೋಪಾಯವನ್ನು ಅರಸುತ್ತ ಮಂಗಳೂರಿಗೆ ಬಂದರು. ಮೊದಲು ಶಾಲಾ ಉಪಾಧ್ಯಾಯರಾದರು. ದುಡಿಯುತ್ತಲೇ ಓದಿ ವಕೀಲರಾದರು. ಆಗ ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಬ್ರಹ್ಮಸಮಾಜವು ನೆಲೆಗೊಂಡಿತ್ತು. ಜಾತಿಭೇದವನ್ನು ಒಪ್ಪದ ಆ ಸಮಾಜದ ಸಹವಾಸ ರಂಗರಾಯರ ಬಾಳಿನ ದಿಕ್ಕನ್ನು ತಿರುಗಿಸಿತು. ವಕೀಲಿ ವೃತ್ತಿಯಿಂದ ಸುಖವಾಗಿ ಬದುಕಬಹುದಾಗಿದ್ದ ಅವರು ತಮ್ಮ ಸಂಪಾದನೆಯನ್ನೂ ಆಯುಷ್ಯವನ್ನೂ ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳ ವಿದ್ಯೆಗಾಗಿ ಮುಡಿಪಿಟ್ಟರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಮೊದಲ ಶಾಲೆ ಆರಂಭವಾಯಿತು. ವಿರೋಧವೂ ಅಂದೇ ಆರಂಭವಾಯಿತು. ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾಯಿತು. ಈ ಮಕ್ಕಳಿಗೆ ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡು ಪಾಠ ನಡೆಸಬೇಕಾಯಿತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರವೆಂದರೆ ಮನೆಯ ಯಜಮಾನನೊಬ್ಬನಿಗೆ ವಿಧಿಸಿದ ದಂಡವಲ್ಲ. ನೆಂಟಸ್ತಿಕೆ, ಹಬ್ಬ, ಮದುವೆ, ಸಾವು, ಸೂತಕ ಎಲ್ಲದರಲ್ಲಿಯೂ ಹೆಂಡತಿ ಮಕ್ಕಳು ಅದರ ಬಿಸಿಯನ್ನು ಉಣ್ಣಬೇಕಾಗುತ್ತಿತ್ತು. ಅವರ ತ್ಯಾಗವನ್ನು ಬಿಟ್ಟು ರಂಗರಾಯರ ಚರಿತ್ರೆಯನ್ನು ಹೇಳಲಾಗದು.

ಶಾಲೆಯ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಬಡವರ ಮಕ್ಕಳು ಒಳಗೆ ಬರುವುದಿಲ್ಲವೆಂಬುದನ್ನು ರಂಗರಾಯರು ಬಲ್ಲವರಾಗಿದ್ದರು. ಹಸಿದ ಮಗುವಿನ ತಲೆಗೆ ಅಕ್ಷರ ಹತ್ತದು. ಆದುದರಿಂದ ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಡಾಯಿತು. ಓದು ಹೊಟ್ಟೆಯನ್ನೂ ಹೊರೆಯಬೇಕು. ಆದುದರಿಂದ ಪಾಠದ ಜೊತೆಗೆ ನೇಯ್ಗೆಯಂಥ ಕಸುಬುಗಳ ಶಿಕ್ಷಣ ಸೇರಿತು. ದೂರದ ಮಕ್ಕಳಿಗೆ ವಸತಿಯ ವ್ಯವಸ್ಥೆಯಾಯಿತು. ಕಾಲಿಡಲು ಸ್ವಂತ ನೆಲವಿಲ್ಲದವರಿಗೆ ಭೂಮಿಯನ್ನು ಪಡೆದು ಹಂಚಿ, ಮನೆ ಕಟ್ಟಿಕೊಳ್ಳಲು ನೆರವಾದರು. 1897ರಲ್ಲಿ ಈ ಎಲ್ಲ ಕಾರ್ಯಗಳು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ತಾಳಿದವು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಅದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಸ್ಥಾಪಿಸಿದುದು 1906ರಲ್ಲಿ. ಕಲಿತವರಿಗೆ ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿಯೂ ಸ್ಥಾನ ದೊರೆಯಬೇಕೆಂದು ರಂಗರಾಯರು ಶ್ರಮಿಸಿದರು. ಸರಕಾರವು ಅವರಿಗೆ ರಾವ್ ಸಾಹೇಬ್ ಬಿರುದನ್ನಿತ್ತಿತು.

ಊರಿಗೆ ಉಪದೇಶಿಸಿದುದನ್ನು ಅವರು ತಮ್ಮ ಮನೆಯಲ್ಲಿಯೂ ನಡೆಸಿದರು. ಅವರ ಮಗಳು ರಾಧಾಬಾಯಿ ಚಿಕ್ಕಂದಿನಲ್ಲಿಯೇ ವಿಧವೆಯಾದರು. ಅಂಥ ಹೆಣ್ಣುಮಕ್ಕಳು ಕತ್ತಲೆಯ ಕೋಣೆಯಲ್ಲಿ ಬಾಳು ಸವೆಸುತ್ತಿದ್ದ ಕಾಲವದು. ರಾಧಾಬಾಯಿಯವರು ಮಾತ್ರ ಮಂಗಳೂರಿನಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನ ಸೋಮರ್ವಿಲ್ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸ ಮಾಡಿದರು. 1912ರಲ್ಲಿ ಅವರು ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿ ಬೇರೆ, ಭಾಷೆ ಬೇರೆ. ಮೇಲಾಗಿ ವಿಧವಾ ವಿವಾಹ. 1926ರಿಂದ 1930ರವರೆಗೆ ಸುಬ್ಬರಾಯನ್ ಮದರಾಸು ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. 1938ರಲ್ಲಿ ಕೇಂದ್ರ ಶಾಸನಸಭೆಯ ಮೇಲ್ಮನೆಯಾಗಿದ್ದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾಗಿ ಅದರ ಮೊದಲ ಮಹಿಳಾ ಸದಸ್ಯೆಯೆನಿಸಿದರು.

ಮೊಮ್ಮಕ್ಕಳ ಕಾಲಕ್ಕೆ ಮನೆತನದ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಕುಮಾರಮಂಗಲಂ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಸಚಿವರಾದರು. ಪಾರ್ವತಿ ಕೃಷ್ಣನ್ ಕೊಯಮತ್ತೂರಿನಿಂದ ಲೋಕಸಭೆಗೆ ಆರಿಸಿಬಂದರು.

ಆದರೆ ರಂಗರಾಯರು ತಮ್ಮ ಬಾಳಿನ ಸಾರ್ಥಕ್ಯವನ್ನು ಅಳೆದುಕೊಂಡುದು ಸ್ವಂತ ವಂಶದ ಏಳಿಗೆಯಿಂದಲ್ಲ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ, ಕಾರಿನಲ್ಲಿ ಊರ ಹಾದಿಯಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಆಸೆಯಾಗಿತ್ತು. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ತೋಟಿ ಸಮುದಾಯದವರೇ ನೆರವೇರಿಸಬೇಕೆಂದು ಅವರು ಬಯಸಿದ್ದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸೇವೆಯನ್ನು ಕೊಂಡಾಡಿದರು. ಆ ನಗರದ ಪುರಭವನ ಇಂದು ಅವರ ಹೆಸರನ್ನೇ ಹೊತ್ತಿದೆ.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಈ ಜೀವನ ದೂರದ ಕಥೆಯಲ್ಲ. ಒಂದು ಶಾಲೆ ಉಳಿಯಬೇಕಾದರೆ ಕಟ್ಟಡವಿದ್ದರೆ ಸಾಲದು. ಕಲಿಸುವ ಉಪಾಧ್ಯಾಯರು ಬೇಕು, ಮಕ್ಕಳ ಊಟದ ಚಿಂತೆ ಮಾಡುವವರು ಬೇಕು, ಕಲಿತ ಮೇಲೆ ಬದುಕಿಗೊಂದು ದಾರಿ ಬೇಕು. ಇವುಗಳಲ್ಲಿ ಒಂದೊಂದನ್ನೂ ಬೇಡಿ, ಕಾಡಿ, ಸ್ವಂತ ಹಣ ಸುರಿದು ರಂಗರಾಯರು ಒದಗಿಸಿದರು. ತನ್ನ ಮಗುವಿನಂತೆಯೇ ನೆರೆಮನೆಯ ಮಗುವೂ ಓದಬೇಕೆಂದು ಹಂಬಲಿಸುವವರು ಇರುವಷ್ಟು ಕಾಲ ಊರಿನ ಶಾಲೆಗೆ ಬೀಗ ಬೀಳದು.