ಎಸ್‌ಯುವಿ ಟಾಪ್ ಮೇಲೆ 300 ಕೆ.ಜಿ. ಹೇರಬಹುದೇ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದರೆ ಸಾಕು, ಉಣಕಲ್ ಕಡೆಯಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಗಾಡಿಗಳ ಟಾಪ್ ತುಂಬಿಹೋಗುತ್ತದೆ. ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ಪಾತ್ರೆ, ಗಾದಿ, ನೀರಿನ ಕ್ಯಾನ್ ಎಲ್ಲವೂ ಮೇಲೆ. ಒಳಗೆ 7 ಸೀಟಿಗೆ 9 ಜನ. ಬೇಸಿಗೆ ರಜೆಯಲ್ಲಿ ಇಂಥವೇ ಗಾಡಿಗಳು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ, ಗೋಕರ್ಣ ಸೇರುತ್ತವೆ. ‘ಭಾರ ಜಾಸ್ತಿ ಆತಲ್ಲ’ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಎಸ್‌ಯುವಿ ಟಾಪ್ ಗಾಡಿಯ ನಾಕು ಪಟ್ಟು ತೂಕ ತಡೀತೈತಿ, ಟೆಸ್ಟ್ ಮಾಡ್ಯಾರ. 300 ಕೆ.ಜಿ. ಯಾವ ಲೆಕ್ಕ?’

ಟೆಸ್ಟ್ ಮಾಡಿರುವುದು ನಿಜ. ಆದ್ದರಿಂದ 300 ಕೆ.ಜಿ. ಹೇರಬಹುದು ಎನ್ನುವುದು ತಪ್ಪು. ಓಡುವ ಗಾಡಿಯ ಟಾಪ್ ಮೇಲೆ ಇಡಬಹುದಾದ ತೂಕ ಬಹುತೇಕ ಎಸ್‌ಯುವಿಗಳಲ್ಲಿ 50ರಿಂದ 100 ಕೆ.ಜಿ. ಅಷ್ಟೇ. ಕ್ಯಾರಿಯರ್‌ನ ಸ್ವಂತ ತೂಕವೂ ಇದರಲ್ಲೇ ಸೇರಿದೆ. ರೆನೋ ಟ್ರೈಬರ್‌ನ ಟಾಪ್ ಕಂಬಿಗಳಿಗೆ ಕಂಪನಿ ಹೇಳಿರುವ ಮಿತಿ 50 ಕೆ.ಜಿ. ವಿದೇಶಗಳಲ್ಲಿ ಮಾರುವ 3 ಬಾಗಿಲಿನ ಸುಝುಕಿ ಜಿಮ್ನಿ ನೋಡಲು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಮಿತಿ 30 ಕೆ.ಜಿ. ದುಬಾರಿ ಲ್ಯಾಂಡ್ ರೋವರ್ ಡಿಫೆಂಡರ್‌ಗೇ ಓಡುವಾಗ 168 ಕೆ.ಜಿ., ನಿಂತಾಗ ಮಾತ್ರ 300 ಕೆ.ಜಿ.

ಹಾಗಾದರೆ ನಾಲ್ಕು ಪಟ್ಟಿನ ಮಾತು ಎಲ್ಲಿಂದ ಬಂತು?

ಗಾಡಿ ಪಲ್ಟಿಯಾದಾಗ ಒಳಗಿದ್ದವರ ತಲೆ ಜಜ್ಜಿಹೋಗಬಾರದೆಂದು ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ನಿಂತ ಗಾಡಿಯ ಟಾಪ್‌ನ ಅಂಚಿಗೆ ಲೋಹದ ಹಲಗೆಯನ್ನು ನಿಧಾನವಾಗಿ ಒತ್ತುತ್ತಾರೆ. 2009ರಲ್ಲಿ ಬಿಗಿಗೊಳಿಸಿದ ಅಲ್ಲಿನ ಸರ್ಕಾರಿ ನಿಯಮದ ಪ್ರಕಾರ ಟಾಪ್ ತನ್ನ ಗಾಡಿಯ ಮೂರು ಪಟ್ಟು ತೂಕದ ಒತ್ತಡ ತಡೆಯಬೇಕು. ವಿಮಾ ಕಂಪನಿಗಳ ಸಂಸ್ಥೆಯೊಂದು ಒಳ್ಳೆಯ ಅಂಕ ಕೊಡಲು ನಾಲ್ಕು ಪಟ್ಟು ಕೇಳುತ್ತಿತ್ತು. ಆದರೆ ಈ ಪರೀಕ್ಷೆಯಲ್ಲಿ ಟಾಪ್ ಸುಮಾರು 12 ಸೆಂ.ಮೀ. ತನಕ ಒಳಗೆ ಕುಸಿದರೂ ಪಾಸ್! ಜೀವ ಉಳಿದರೆ ಸಾಕು, ತಗಡು ಹೋದರೆ ಹೋಗಲಿ ಎಂಬ ಲೆಕ್ಕ ಅದು. ಅಕ್ಕಿ ಚೀಲ ಹೊತ್ತು ತಿರುವಿನಲ್ಲಿ ಓಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಟಾಪ್ ಮೇಲೆ ಟ್ರಕ್ ಹತ್ತಿಸುವ ವಿಡಿಯೊಗಳನ್ನೂ ಪೂರ್ತಿ ನಂಬಬೇಡಿ. 1990ರಲ್ಲಿ ವೋಲ್ವೊ ಕಂಪನಿ ಅಮೆರಿಕದಲ್ಲಿ ಇಂಥದೇ ಜಾಹೀರಾತು ತೋರಿಸಿತ್ತು. ದೈತ್ಯ ಗಾಲಿಯ ಟ್ರಕ್ ಸಾಲು ಕಾರುಗಳ ಮೇಲೆ ಹಾದಾಗ ಉಳಿದೆಲ್ಲ ಅಪ್ಪಚ್ಚಿ, ವೋಲ್ವೊ ಮಾತ್ರ ಗಟ್ಟಿ. ಆಮೇಲೆ ತಿಳಿದದ್ದು, ವೋಲ್ವೊ ಒಳಗೆ ಆಧಾರ ಕೊಟ್ಟು ಬಲಪಡಿಸಿದ್ದರು, ಬೇರೆ ಕಾರುಗಳ ಕಂಬಗಳನ್ನು ದುರ್ಬಲ ಮಾಡಿದ್ದರು. ಕಂಪನಿ ಮತ್ತು ಜಾಹೀರಾತು ಏಜೆನ್ಸಿ ತಲಾ ಒಂದೂವರೆ ಲಕ್ಷ ಡಾಲರ್ ತೆರಬೇಕಾಯಿತು.

ಅಪಾಯ ತಗಡಿನದಲ್ಲ, ಎತ್ತರದ್ದು

ಒಂದು ಲೆಕ್ಕ ಮಾಡೋಣ. ಜನರೂ ಸೇರಿ 2,000 ಕೆ.ಜಿ. ತೂಗುವ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 2 ಮೀಟರ್ ಎತ್ತರದಲ್ಲಿ 75 ಕೆ.ಜಿ. ಸಾಮಾನು ಇಟ್ಟರೆ ಆ ಕೇಂದ್ರ 5 ಸೆಂ.ಮೀ.ಗಿಂತ ಕಡಿಮೆ ಮೇಲೇರುತ್ತದೆ. 300 ಕೆ.ಜಿ. ಇಟ್ಟರೆ 17 ಸೆಂ.ಮೀ. ಅಂದರೆ ತಿರುವಿನಲ್ಲಿ ಪಲ್ಟಿಯಾಗದೆ ನಿಲ್ಲುವ ಶಕ್ತಿ ಸುಮಾರು ಐದನೇ ಒಂದು ಭಾಗ ಕಡಿಮೆಯಾಯಿತು. ಭಾರಕ್ಕೆ ಗಾಡಿ ಒಂದು ಕಡೆ ವಾಲುವುದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚು. ನೇರ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಘಾಟಿಯ ತಿರುವಿನಲ್ಲಿ ಎದುರಿನ ಲಾರಿ ತಪ್ಪಿಸಲು ಸ್ಟೇರಿಂಗ್ ಎಳೆದಾಗ ಗೊತ್ತಾಗುತ್ತದೆ. ಈ ವಿಷಯದಲ್ಲಿ ತಗ್ಗಾದ ಕಾರಿಗಿಂತ ಎತ್ತರದ ಎಸ್‌ಯುವಿಯೇ ಮೊದಲಿನಿಂದಲೂ ಸೂಕ್ಷ್ಮ.

ಬ್ರೇಕ್ ಇನ್ನೊಂದು. ಜೋರಾಗಿ ಬ್ರೇಕ್ ಹೊಡೆದಾಗ ಮೇಲಿನ ಸಾಮಾನು ತನ್ನ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಬಲದಿಂದ ಮುಂದಕ್ಕೆ ನುಗ್ಗುತ್ತದೆ. 300 ಕೆ.ಜಿ. ಹೇರಿದ್ದರೆ 200 ಕೆ.ಜಿ.ಗೂ ಮೀರಿದ ಎಳೆತ. ಅದನ್ನು ತಡೆಯಬೇಕಾದ್ದು ನಾಲ್ಕು ಬೋಲ್ಟು ಮತ್ತು ಒಂದು ನೈಲಾನ್ ಹಗ್ಗ.

ಹಗುರವಾದ ಗಾದಿಯಿಂದ ತೊಂದರೆಯಿಲ್ಲ ಅನ್ನುತ್ತೀರಾ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ. ಭಾರಕ್ಕೆ ಸಮ. ಗಾದಿಯ ಮುಂದಿನ ಅಂಚು ಸ್ವಲ್ಪ ಎದ್ದರೂ ಅದು ಗಾಳಿಪಟದಂತೆ ಹಗ್ಗ ಕಿತ್ತುಕೊಂಡು ಹಿಂದಿನ ಬೈಕ್ ಸವಾರನ ಮೇಲೆ ಬೀಳಬಹುದು. ವೇಗ 50ಕ್ಕೆ ಇಳಿಸಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ.

ನಿಮ್ಮ ಗಾಡಿಗೆ ಎಷ್ಟು?

ಗಾಡಿಯ ಜೊತೆ ಬಂದ ಮ್ಯಾನ್ಯುವಲ್‌ನಲ್ಲಿ ಟಾಪ್ ಮೇಲಿನ ಭಾರದ ಮಿತಿ ಹುಡುಕಿ. ಕ್ಯಾರಿಯರ್ ಮತ್ತು ಅದರ ಅಡ್ಡಪಟ್ಟಿಗಳಿಗೂ ಬೇರೆ ಮಿತಿ ಇರುತ್ತದೆ. ಎಲ್ಲದರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಮಿತಿ. ಕ್ಯಾರಿಯರ್ ಡಬ್ಬದ ಮೇಲೆ 150 ಕೆ.ಜಿ. ಎಂದು ಬರೆದಿದ್ದರೆ ನಿಮ್ಮ ಟಾಪ್ ಅಷ್ಟು ತಡೆಯುತ್ತದೆ ಎಂದಲ್ಲ. ಸಣ್ಣ ಎಸ್‌ಯುವಿಗಳ ಟಾಪ್‌ನ ಬೆಳ್ಳಿ ಬಣ್ಣದ ಕಂಬಿಗಳು ಎಷ್ಟೋ ಸಲ ಬರೀ ಅಲಂಕಾರದ ಪ್ಲಾಸ್ಟಿಕ್. ಅವಕ್ಕೆ ಹಗ್ಗ ಕಟ್ಟಬಾರದು. ಮ್ಯಾನ್ಯುವಲ್‌ನಲ್ಲಿ ಟಾಪ್ ಮಿತಿಯೇ ಇಲ್ಲದಿದ್ದರೆ ಏನೂ ಹೇರದಿರುವುದೇ ವಾಸಿ.

ಮಿತಿ 75 ಕೆ.ಜಿ. ಎಂದಿಟ್ಟುಕೊಳ್ಳಿ. ಕಬ್ಬಿಣದ ಕ್ಯಾರಿಯರ್ 25 ಕೆ.ಜಿ. ಇದ್ದರೆ ಉಳಿದದ್ದು 50. ತುಂಬಿದ ಮನೆ ಸಿಲಿಂಡರ್ ಸುಮಾರು 30, 20 ಲೀಟರಿನ ನೀರಿನ ಕ್ಯಾನ್ 20. ಅಲ್ಲಿಗೆ ಮುಗಿಯಿತು, ಅಕ್ಕಿ ಚೀಲಕ್ಕೆ ಜಾಗವಿಲ್ಲ! ಆದ್ದರಿಂದ ಭಾರವಾದ ಚೀಲ, ಕ್ಯಾನ್ ಗಾಡಿಯ ಒಳಗೆ ಕೆಳಗಡೆ ಇರಲಿ, ಟಾಪ್‌ಗೆ ಬಟ್ಟೆಯ ಬ್ಯಾಗ್ ಸಾಕು. ಮೇಲಿನ ಭಾರವೂ ಗಾಡಿಯ ಒಟ್ಟು ತೂಕದ ಮಿತಿಯೊಳಗೇ ಬರುವುದರಿಂದ 9 ಜನ ಕುಳಿತ ಗಾಡಿಯಲ್ಲಿ ಅದೂ ಉಳಿದಿರುವುದಿಲ್ಲ. ಟಾಪ್ ಮೇಲೆ ಹುಡುಗರನ್ನು ಕೂರಿಸುವುದಂತೂ ಮೋಟಾರು ವಾಹನ ಕಾಯ್ದೆಯ 123ನೇ ಕಲಮಿನ ಪ್ರಕಾರ ನೇರ ಅಪರಾಧ.

ಹೊರಟು ಅರ್ಧ ಗಂಟೆಯೊಳಗೆ ಕಟ್ಟು ಸಡಿಲವಾಗಿರುತ್ತದೆ. ಅಂಕೋಲಾ ಕಡೆ ಹೋಗುವವರು ಕಲಘಟಗಿಯಲ್ಲಿ ಚಹಾಕ್ಕೆ ನಿಂತಾಗ ಹಗ್ಗ, ಬೋಲ್ಟು ಒಮ್ಮೆ ಬಿಗಿ ಮಾಡಿ. ಯಲ್ಲಾಪುರದಲ್ಲಿ, ಘಾಟಿ ಇಳಿಯುವ ಮೊದಲು, ಇನ್ನೊಮ್ಮೆ ಅಲುಗಾಡಿಸಿ ನೋಡಿ.