ವಿಳಾಸದ ಪಟ್ಟಿ

ನಾನು ಕಮಲಾಪುರದವನು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಬಸ್ಸಿಗೆ ಸುಮಾರು ಒಂದು ತಾಸು. ಕೆಂಪು ಬಾಳೆಗೆ ಹೆಸರಾದ ಊರು. ಆದರೆ ಹಂಪೆಯ ಮಗ್ಗುಲಲ್ಲಿಯೂ ಒಂದು ಕಮಲಾಪುರವುಂಟು. ನಮ್ಮದರ ಪಿನ್ ಸಂಖ್ಯೆ 585313, ಅದರದು 583221. ಹೋದ ವರ್ಷ ನಮ್ಮ ಅಕ್ಕನಿಗೆ ಬರಬೇಕಾಗಿದ್ದ ಸಂದರ್ಶನದ ಪತ್ರವು ಆ ಊರು ಸುತ್ತಿ ಬರುವಷ್ಟರಲ್ಲಿ ಸಂದರ್ಶನ ಮುಗಿದು ನಾಲ್ಕು ದಿನವಾಗಿತ್ತು. ಅಕ್ಕ ಅರ್ಜಿಯಲ್ಲಿ ಸರಿಯಾಗಿಯೇ ಬರೆದಿದ್ದಳು; ಪಟ್ಟಿ ಮಾಡಿದವರು ಊರ ಹೆಸರನ್ನಷ್ಟೇ ನೋಡಿ ಸಂಖ್ಯೆ ತುಂಬಿದ್ದರು. ಆ ಸಿಟ್ಟಿನಲ್ಲಿ, ವಿಳಾಸದ ಪಟ್ಟಿಗಳನ್ನು ಚೊಕ್ಕವಾಗಿಟ್ಟವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದಾಗ ದೊರೆತದ್ದು ಫೈಡೋನೆಟ್ಟಿನ ಕಥೆ.

ಇದು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಜೆನಿಂಗ್ಸ್ ಎಂಬಾತ ಆರಂಭಿಸಿದ ಹವ್ಯಾಸಿಗಳ ಗಣಕಜಾಲ. ಮನೆಮನೆಗೆ ಅಂತರ್ಜಾಲ ಬಾರದಿದ್ದ ಕಾಲವದು. ಒಂದು ಮನೆಯ ಗಣಕವು, ದೂರವಾಣಿಯ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ, ಮೋಡೆಮ್ಮಿನ ಮೂಲಕ ಇನ್ನೊಂದು ಮನೆಯ ಗಣಕವನ್ನು ತಾನಾಗಿ ಕರೆದು ಪತ್ರಗಳನ್ನು ಒಪ್ಪಿಸುತ್ತಿತ್ತು. ಯಾರ ಸಂಖ್ಯೆ ಯಾವುದೆಂದು ತಿಳಿಯಲು ಎಲ್ಲರ ಬಳಿಯಲ್ಲೂ ಒಂದೇ ಪಟ್ಟಿ ಇರಬೇಕು. ಅದರಲ್ಲಿ ಒಂದು ಅಂಕಿ ತಪ್ಪಿತೆನ್ನಿ. ಪತ್ರ ತಲುಪದಿರುವುದು ಹಾಗಿರಲಿ, ಏನೂ ಅರಿಯದ ಯಾರದೋ ಮನೆಯಲ್ಲಿ ನಡುರಾತ್ರಿ ಗಂಟೆ ಬಾರಿಸುವುದು. ಎತ್ತಿದರೆ ಕಿವಿಗೆ ಬರಿಯ ಸಿಳ್ಳು. ಇಟ್ಟರೆ ಮತ್ತೆ ಗಂಟೆ. ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿಯದು!

ಮೊದಮೊದಲು ಜೆನಿಂಗ್ಸನೇ ಪಟ್ಟಿ ಬರೆಯುತ್ತಿದ್ದ. ಸದಸ್ಯರು ಹೆಚ್ಚಿದಂತೆ ಅದು ಒಬ್ಬನಿಂದ ಸಾಗದಾಯಿತು. 1985ರಲ್ಲಿ ಜಾಲವನ್ನು ಸ್ಥಳೀಯ ಗುಂಪುಗಳಾಗಿ ವಿಂಗಡಿಸಿದರು. ಗುಂಪಿಗೊಬ್ಬ ಸಂಯೋಜಕ, ಅವನು ತನ್ನ ಭಾಗವನ್ನಷ್ಟೇ ತಿದ್ದಿ ಮೇಲಕ್ಕೆ ಕಳಿಸುವನು, ಎಲ್ಲ ಭಾಗಗಳೂ ಕೂಡಿ ವಾರಕ್ಕೊಮ್ಮೆ, ಶುಕ್ರವಾರ, ಹೊಸ ಪಟ್ಟಿ ಹೊರಡುವುದು. ನಮ್ಮ ಪಿನ್ನಿನ ಮೊದಲ ಅಂಕಿ ವಲಯವನ್ನೂ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಅಂಚೆಕಚೇರಿಯನ್ನೂ ಸೂಚಿಸುವಂತೆ, ಅಲ್ಲಿಯೂ ವಲಯ, ಜಾಲ, ನೋಡ್ ಎಂದು ಸಂಖ್ಯೆಗಳು.

ಹೊಸಬನು ಸೇರಬೇಕಾದರೆ ಅರ್ಜಿಯನ್ನು ಆ ಜಾಲದ ಮೂಲಕವೇ ಕಳಿಸಬೇಕೆಂಬ ನಿಯಮ ನನಗೆ ಬಹಳ ಹಿಡಿಸಿತು. ಅರ್ಜಿ ಬಂತೆಂದರೆ ಅವನ ಯಂತ್ರ ನಡೆಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡವಷ್ಟೆ?

ವಾರವಾರವೂ ಇಡೀ ಪಟ್ಟಿಯನ್ನು ತರಿಸುವುದು ದುಬಾರಿ. ಆದ್ದರಿಂದ ಬದಲಾವಣೆಗಳನ್ನಷ್ಟೇ ಕಳಿಸುತ್ತಿದ್ದರು. ಅವನ್ನು ಹಿಂದಿನ ವಾರದ ಪಟ್ಟಿಗೇ ಹೊಂದಿಸಬೇಕು. ನಡುವೆ ಒಂದು ವಾರ ತಪ್ಪಿದರೆ ಮುಂದಿನದು ಕೂಡದು. ಪಟ್ಟಿಯ ತಲೆಯಲ್ಲಿ ಒಂದು ತಾಳೆಯ ಸಂಖ್ಯೆಯಿರುವುದು. ದಾರಿಯಲ್ಲಿ ಅಕ್ಷರ ಕೆಟ್ಟಿದ್ದರೆ ಲೆಕ್ಕ ತಾಳೆಯಾಗದು. ಆದರೆ ಮೊದಲೇ ತಪ್ಪಾಗಿ ಬರೆದ ಸಂಖ್ಯೆ ಈ ಪರೀಕ್ಷೆಯಲ್ಲಿ ಸುಖವಾಗಿ ಪಾಸಾಗುತ್ತದೆ. ಅದನ್ನು ಹಿಡಿಯುವವನು ತನ್ನ ಗುಂಪಿನವರನ್ನು ಬಲ್ಲ ಸಂಯೋಜಕನೊಬ್ಬನೇ. ಕರೆಗೆ ಓಗೊಡದ ಯಂತ್ರದ ಮುಂದೆ ಅವನು ‘ಡೌನ್’ ಎಂದು ಬರೆಯುವನು. ಆಮೇಲೂ ಸದ್ದಿಲ್ಲದಿದ್ದರೆ ಹೆಸರನ್ನೇ ತೆಗೆಯುವನು.

ನಮ್ಮ ಕಡೆ ಗುಲ್ಬರ್ಗವು ಕಲಬುರಗಿಯಾದದ್ದು 2014ರಲ್ಲಿ. ಕಮಲಾಪುರವು ಆಮೇಲೆ ತಾನೇ ಒಂದು ತಾಲೂಕಾಯಿತು. ಹಂಪೆಯ ಕಮಲಾಪುರವೂ 2021ರಲ್ಲಿ ಬಳ್ಳಾರಿಯನ್ನು ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಇವನ್ನೆಲ್ಲ ತಿದ್ದುವ ಶುಕ್ರವಾರ ಎಷ್ಟು ಪಟ್ಟಿಗಳಿಗೆ ಬಂದಿದೆಯೋ! ಅಕ್ಕನಂತೂ ಈಗ ಅರ್ಜಿಗಳಲ್ಲಿ ಊರ ಹೆಸರಿನ ಪಕ್ಕದಲ್ಲಿ ‘ಹಂಪೆಯದಲ್ಲ’ ಎಂದು ಬರೆಯುತ್ತಾಳೆ, ಜಾಗವಿದ್ದರೆ.