ಪತ್ರಾಸಿನ ಧೂಳಿಗೆ ಪರಿಹಾರ ಐತಿ

ಮೋರಟಗಿಯಿಂದ ದೊಡ್ಡ ಊರಿಗೆ ದುಡಿಯಲು ಹೋದವರೇ, ಕೇಳ್ರಿ. ಆಸ್ಬೆಸ್ಟಾಸ್ ಇರುವ ಸಿಮೆಂಟ್ ಪತ್ರಾಸು ಕೊಯ್ದಾಗ ಏಳುವ ಧೂಳು ಪುಪ್ಪುಸದಲ್ಲಿ ಕೂತುಬಿಡುತ್ತದೆ. ರೋಗ ಕಾಣುವುದು ಎಷ್ಟೋ ಸಲ 20-30 ವರ್ಷದ ಮೇಲೆ.

ಅಷ್ಟೊತ್ತಿಗೆ ಸಾಹುಕಾರ ‘ಇವ ಯಾರೋ ಗೊತ್ತಿಲ್ಲ’ ಅಂದರೆ? 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಆಸ್ಬೆಸ್ಟಾಸ್ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು. ರೋಗ ಖಚಿತವಾದವರಿಗೆ ಆಗ ಗೊತ್ತುಮಾಡಿದ ಪರಿಹಾರ 1 ಲಕ್ಷ ರೂಪಾಯಿ.

ಗುತ್ತಿಗೆ ಕೂಲಿಗೆ ದಾಖಲೆ ಎಲ್ಲಿಂದ ಬರಬೇಕು, ಹೇಳ್ರಿ! ಹಾಜರಿ ಚೀಟಿ, ಪಗಾರ ಬಂದ ಪಾಸ್‌ಬುಕ್, ಜೊತೆಗಾರರ ಸಾಕ್ಷಿ, ಇವೇ ಆಧಾರ. ಎಕ್ಸ್‌ರೇ ತೆಗೆಸುವಾಗ ಹಳೆಯ ಕೆಲಸದ ಬಗ್ಗೆ ಡಾಕ್ಟರಿಗೆ ತಪ್ಪದೇ ಹೇಳಿ, ಬರೆಸಿಕೊಳ್ಳಿ.

ಇಎಸ್‌ಐ ಇದ್ದವರು ಅಲ್ಲಿಯೇ ಅರ್ಜಿ ಕೊಡಿ. ಇಲ್ಲದವರು ಪರಿಹಾರ ಆಯುಕ್ತರ ಮುಂದೆ ಹೋಗಿ. ವಕೀಲರ ಖರ್ಚಿಗೆ ಅಂಜಬೇಡಿ. ಸಿಂದಗಿಯ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಹಚ್ಚಿ.